ಮನೆಗೆ ಹೊರಟ ಪುರಭವನ

ವಸ್ತುಸಂಗ್ರಹಾಲಯಕ್ಕೆಂದು ನಾನು ಕೊಟ್ಟ ಹಳೆಯ ಕ್ಯಾಮೆರಾ ಮರುದಿನ ಬೆಳಿಗ್ಗೆ ನಮ್ಮ ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಪಕ್ಕ ಕೂತಿತ್ತು. ಹಾಲು ಕಾಯಿಸುತ್ತಿದ್ದ ನನ್ನ ಹೆಂಡತಿ ಕಸ್ತೂರಿ ಅದನ್ನು ಅತ್ತ ಸರಿಸಿ ಸಕ್ಕರೆ ತೆಗೆದುಕೊಂಡಳು. “ಬಂತ ನೋಡ್ರಿ ನಿಮ್ಮ ದಾನ,” ಎಂದಳು. “ಶಟರ್ ಮುರದೈತಿ, ಲೆನ್ಸಿಗೆ ಬೂಸರ ಹತ್ತೈತಿ. ಅಂಥಾದನ್ನೂ ಮನಸಾರೆ ಕೊಡಾಕ ಆಗಲಿಲ್ಲಲ್ಲ ನಿಮಗ!” ನಾನು ಚಹಾ ಕುಡಿದೆ. ಸತ್ಯ ಹೇಳಿದವರ ಎದುರು ಚಹಾ ಕುಡಿಯುವುದೇ ಕ್ಷೇಮ.

ನಮ್ಮೂರಿನ ರೀತಿಯೇ ಹಾಗೆ. ಪೂರ್ತಿ ಮನಸ್ಸಿಲ್ಲದೆ ಕೊಟ್ಟ ವಸ್ತು ಬೆಳಗಾಗುವುದರೊಳಗೆ ಕೊಟ್ಟವರ ಮನೆ ಸೇರಿರುತ್ತದೆ. ಹೇಗೆ ಹೋಗುತ್ತದೆಂದು ಯಾರೂ ನೋಡಿಲ್ಲ, ನೋಡುವ ಹುಮ್ಮಸ್ಸೂ ಯಾರಿಗೂ ಇಲ್ಲ. ಮದುವೆಯ ಉಡುಗೊರೆಗಳನ್ನು ಮರುದಿನದವರೆಗೆ ಬಿಚ್ಚಬಾರದೆಂಬುದು ನಮ್ಮಲ್ಲಿ ಹಿರಿಯರು ಹೇಳಿಕೊಡುವ ಪಾಠ. ಬಿಚ್ಚುವ ಹೊತ್ತಿಗೆ ಅರ್ಧ ಹೋಗಿರುತ್ತವೆ. ಹೋದದ್ದರ ಬಗ್ಗೆ ಮಾತೆತ್ತುವುದು ಮರ್ಯಾದೆಯಲ್ಲ. ಬೀಗರು ಕೊಟ್ಟ ಗಡಿಯಾರ ಬೀಗರ ಗೋಡೆಯ ಮೇಲೇ ನೇತಾಡುತ್ತಿದ್ದರೂ ಅದರ ಕೆಳಗೆ ಕೂತು “ಮಳಿ ಹೆಂಗ ನಿಮ್ಮ ಕಡೆ?” ಎಂದು ಕೇಳಬೇಕು. ನಮ್ಮ ಕಚೇರಿಗಳಿಗೆ ವರ್ಗವಾಗಿ ಬರುವ ಸಾಹೇಬರು ಹೆಚ್ಚು ದಿನ ನಿಲ್ಲುವುದಿಲ್ಲ, ಏಕೆಂದರೆ ಮೇಜಿನ ಕೆಳಗೆ ಕೊಡುವುದನ್ನು ಮನಸಾರೆ ಕೊಟ್ಟವನು ಈವರೆಗೆ ಹುಟ್ಟಿಲ್ಲ. ಕನ್ಯಾದಾನಕ್ಕೂ ಇದೇ ನಿಯಮವೇ ಎಂದು ಹೊಸದಾಗಿ ಬಂದ ಪೋಸ್ಟ್ ಮಾಸ್ತರರು ಕೇಳಿದಾಗ ಕಸ್ತೂರಿಯೇ ಉತ್ತರ ಕೊಟ್ಟಿದ್ದಳು. “ನಾವೇನ್ ತಾಟು ತಂಬಗಿ ಏನ್ರಿ? ಹೋಗೂದೂ ನಮ್ಮ ಕಾಲಲೆ, ಬರೂದೂ ನಮ್ಮ ಕಾಲಲೆ.”

ಸಣ್ಣ ಸಾಮಾನಿಗೆ ಒಂದು ರಾತ್ರಿ ಸಾಕು. ಭಾರದ್ದು ನಿಧಾನ. ನಮ್ಮ ಪುರಭವನ ಹೊರಟು ಮೂರು ತಲೆಮಾರಾಯಿತು. ಹತ್ತಿ ವ್ಯಾಪಾರದ ಮುರಿಗೆಪ್ಪ ಹುಣಸೀಕಟ್ಟಿಯವರು ಯಾವುದೋ ಬಿರುದಿನ ಆಸೆಗೆ ಅದನ್ನು ಮೈದಾನದ ಆ ತುದಿಯಲ್ಲಿ ಕಟ್ಟಿಸಿ ಊರಿಗೆ ದಾನ ಮಾಡಿದರು. ಬಿರುದು ಬರಲಿಲ್ಲ. ಕಟ್ಟಡ ಮಾತ್ರ ಅವರ ಮನೆಯ ಕಡೆ ಮುಖ ತಿರುಗಿಸಿ ಹೊರಟಿತು. ಮುರಿಗೆಪ್ಪನವರು ಹೋದರು, ಅವರ ಮಗ ಹೋದ, ಕಟ್ಟಡ ಬರುತ್ತಲೇ ಇತ್ತು. ನಮ್ಮಲ್ಲಿ ಹೊಲ ಮನೆಯ ಹಾಗೆ ಅರೆಮನಸ್ಸೂ ವಾರಸಾಗಿ ಬರುತ್ತದೆ. ಊರು ಅದಕ್ಕೆ ಹೊಂದಿಕೊಂಡಿತು. ರಸ್ತೆ ಸೊಟ್ಟಗಾಯಿತು, ದಾರಿಯಲ್ಲಿದ್ದ ಬಾವಿಯನ್ನು ಮುಚ್ಚಿದರು, ಬಸ್ಸು ನಿಲ್ಲುವ ಕಂಬವನ್ನು ಆಗಾಗ ಕಿತ್ತು ನೆಟ್ಟರು. ಪುರಭವನ ಶಾಲೆಯ ಯಾವ ದಿಕ್ಕಿಗಿದೆ ಎಂಬ ಪ್ರಶ್ನೆಗೆ ಮಕ್ಕಳು ಏನು ಬರೆದರೂ ಮಾಸ್ತರರು ಅಂಕ ಕೊಡುತ್ತಿದ್ದರು.

ಹೀಗೆ ಬರುತ್ತ ಬರುತ್ತ ಅದಕ್ಕೂ ದಾಕ್ಷಕ್ಕನ ಖಾನಾವಳಿಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ಜಾಗ ಉಳಿದಿತ್ತು. ದಾಕ್ಷಾಯಣಿ ಮುರಿಗೆಪ್ಪನವರ ಮೊಮ್ಮಗಳು. ಅಜ್ಜನ ಹತ್ತಿಯೆಲ್ಲ ಯಾವಾಗಲೋ ಗಾಳಿಗೆ ಹಾರಿಹೋಗಿ, ಗಂಡನೂ ತೀರಿಕೊಂಡು, ಆಕೆ ಅಜ್ಜನ ಕಾಲದ ಅದೇ ಮನೆಯ ಮುಂದಿನ ಕೋಣೆಯಲ್ಲಿ ಒಲೆ ಹೂಡಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದಳು. ಬ್ಯಾಂಕಿನವರು, ಬಸ್ಸಿನ ಡ್ರೈವರುಗಳು, ಕಸ್ತೂರಿ ತವರಿಗೆ ಹೋದಾಗ ನಾನು, ಎಲ್ಲರೂ ಅಲ್ಲೇ ಉಣ್ಣುವವರು. ಆಕೆಯ ಎಣ್ಣೆಗಾಯಿ ತಿಂದವನು ಮನೆಯ ಎಣ್ಣೆಗಾಯಿಯನ್ನು ಹೊಗಳುವುದಿಲ್ಲ, ಹೊಗಳಿದರೆ ಹೆಂಡತಿಯ ಭಯಕ್ಕೆ. ಆ ಕೋಣೆ ಹೋದರೆ ದಾಕ್ಷಕ್ಕನ ಅನ್ನ ಹೋದಂತೆ. ಆದರೆ ಪುರಭವನದ ನಡಿಗೆ ಎಷ್ಟು ನಿಧಾನವಾಗಿತ್ತೆಂದರೆ, ಅದು ಅಲ್ಲಿಗೆ ತಲುಪುವಷ್ಟರಲ್ಲಿ ನಾವ್ಯಾರೂ ಇರುವುದಿಲ್ಲವೆಂದು ಎಲ್ಲರೂ ನೆಮ್ಮದಿಯಾಗಿದ್ದೆವು.

ಆ ನೆಮ್ಮದಿಯನ್ನು ಕೆಡಿಸಿದವರು ಪುರಸಭೆಯ ಅಧ್ಯಕ್ಷ ಸಿದ್ಲಿಂಗಪ್ಪ ಬೂದಿಹಾಳ. ಅವರು ಎಲ್ಲೋ ಪ್ರವಾಸ ಹೋದಾಗ ಒಂದು ವಸ್ತುಸಂಗ್ರಹಾಲಯ ನೋಡಿ ಬಂದರು. ನಮ್ಮೂರಿಗೂ ಇತಿಹಾಸವಿದೆ, ಅದನ್ನು ಗಾಜಿನೊಳಗೆ ಇಡಬೇಕು, ಅದಕ್ಕೆ ಪುರಭವನವನ್ನು ದುರಸ್ತಿ ಮಾಡಿಸಬೇಕು ಎಂದು ಸಭೆ ಕರೆದರು. ನಾನು ಅವತ್ತು ಒಂದು ಸೀಮಂತದ ಫೋಟೋ ತೆಗೆಯಲು ಹೋಗಿದ್ದೆ. ನಮ್ಮಲ್ಲಿ ಸಭೆಗೆ ಬಾರದವನನ್ನು ಕಾರ್ಯದರ್ಶಿ ಮಾಡುವುದು ಹಿಂದಿನಿಂದ ನಡೆದುಬಂದ ಪದ್ಧತಿ. ಎದುರಿಗಿದ್ದವನು ಒಲ್ಲೆ ಎನ್ನಬಹುದಲ್ಲ. ಹೀಗೆ ‘ಶಿವಪುತ್ರ ಫೋಟೋ ಸ್ಟುಡಿಯೋ’ದ ಮಾಲೀಕನಾದ ನಾನು ಊರಿನ ಇತಿಹಾಸಕ್ಕೆ ಜವಾಬ್ದಾರನಾದೆ.

ಹುಸೇನಸಾಬ ಮೇಸ್ತ್ರಿಯ ಕೈಗೆ ಕೆಲಸ ಕೊಟ್ಟೆವು. ಅವರು ಕೆಲಸದಲ್ಲಿ ಜಾಣರು, ಮಾತಿನಲ್ಲಿ ಅಪಶಕುನ. ಜೋತುಬಿದ್ದ ಹಲಗೆ ಸೂರನ್ನು ಇಳಿಸಿದರು, ಒಡೆದ ಹಂಚು ತೆಗೆದರು, ಮಧ್ಯೆ ಯಾವನೋ ಅಧ್ಯಕ್ಷ ಕಟ್ಟಿಸಿದ್ದ ಸಿಮೆಂಟಿನ ವೇದಿಕೆ ಒಡೆದರು, ಪಾರಿವಾಳದ ಹಿಕ್ಕೆಯನ್ನೇ ಗಾಡಿಗಟ್ಟಲೆ ಹೊರಗೆ ಹಾಕಿಸಿದರು. ಒಳಗಿನ ಕಲ್ಲುಗಂಬಗಳು ಬೆಳಕಿಗೆ ಬಂದವು. ಎಂಥ ಚೆಂದ ಕಂಬಗಳು! ಅವನ್ನು ನೋಡಿ ನನ್ನ ಎದೆ ಉಬ್ಬಿತು. ಒಂದು ದಿನ ಮೇಸ್ತ್ರಿ ನನ್ನನ್ನು ಪಕ್ಕಕ್ಕೆ ಕರೆದರು. “ಭಾರ ಇಳದಂಗ ಇದು ಹಗೂರ ಆಗಾಕತ್ತೈತ್ರಿ. ಹಗೂರ ಆದಂಗ ಜೋರ ನಡಿಯಾಕತ್ತೈತಿ. ಆಮ್ಯಾಲೆ ನನ್ನ ಅನಬ್ಯಾಡ್ರಿ.” ನಾನು ನಕ್ಕೆ. ಒಂದು ವಾರ ಬಿಟ್ಟು ನೋಡಿದರೆ ಗಾಡಿ ಹೋಗುವ ಜಾಗದಲ್ಲಿ ಒಂದು ಎಮ್ಮೆ ಹೋಗುವುದು ಕಷ್ಟವಾಗಿತ್ತು.

ಈಗ ಊರು ಎಚ್ಚೆತ್ತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಜನ ನಾವು. ದುರಸ್ತಿ ನಿಲ್ಲಿಸುವ ಬದಲು ಎಲ್ಲರೂ ದಾಕ್ಷಕ್ಕನ ಮೇಲೆ ಬಿದ್ದೆವು. ಆಕೆ ಅಜ್ಜನ ದಾನವನ್ನು ಮನಸಾರೆ ಕೊಟ್ಟುಬಿಟ್ಟರೆ ಕಟ್ಟಡ ನಿಂತಲ್ಲೇ ನಿಲ್ಲುತ್ತದೆ, ಆಕೆಯ ಖಾನಾವಳಿಯೂ ಉಳಿಯುತ್ತದೆ, ನಮ್ಮ ಸಂಗ್ರಹಾಲಯವೂ ಆಗುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಪೆಂಡಾಲು ಹಾಕಿ, ಮೈಕು ಕಟ್ಟಿ, ಆಕೆಯನ್ನು ವೇದಿಕೆಯ ಮೇಲೆ ಕೂಡಿಸಿದೆವು. ಅಧ್ಯಕ್ಷರು ಶಾಲು ಹೊದಿಸಿದರು. ದಾಕ್ಷಕ್ಕ ಮೈಕಿನ ಮುಂದೆ ಬಂದು “ಕೊಟ್ಟೆ” ಎಂದಳು. ಜನ ಚಪ್ಪಾಳೆ ತಟ್ಟಿದರು. ಮರುದಿನ ಕಟ್ಟಡ ಇನ್ನೊಂದು ಗೇಣು ಮುಂದೆ ಬಂದಿತ್ತು. ಶಾಲು ಪುರಸಭೆಯ ಕಪಾಟಿಗೆ ವಾಪಸು ಹೋಗಿತ್ತು.

ಕಾರ್ಯದರ್ಶಿಯೆಂದು ನನ್ನನ್ನು ಮಾತಾಡಲು ಕಳಿಸಿದರು. ನಾನು ಊಟದ ಹೊತ್ತಿಗೇ ಹೋದೆ. ಆ ಬುದ್ಧಿ ನನಗಿದೆ. ದಾಕ್ಷಕ್ಕ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು.

“ಒಂದ ಸಲ ಮನಸ್ಸು ಬಿಚ್ಚಿ ಕೊಟ್ಟಬಿಡವಾ ದಾಕ್ಷಕ್ಕ,” ಎಂದೆ.

“ಎಷ್ಟ ಸಲ ಕೊಡಲಿ ಶಿವಪುತ್ರಣ್ಣ? ಕೊಟ್ಟೆ ಕೊಟ್ಟೆ ಅಂದು ಬಾಯಿ ಬ್ಯಾನಿ ಆತು. ನನ್ನ ಮನಸ್ಸು ನನ್ನ ಮಾತ ಕೇಳಬೇಕಲ್ಲ? ನನ್ನ ಒಲಿ ಉಳೀಲಿ ಅಂತ ನನಗಿಲ್ಲೇನ?”

“ಮತ್ತ ಒಳಗ ಏನೈತಿ ಅಂಥಾದ್ದು?”

ಆಕೆ ಕೈ ನಿಲ್ಲಿಸಿದಳು. “ನಮ್ಮ ಮನಿಯವರು ಹಾಸಿಗಿ ಹಿಡದಾಗ ಪುರಸಭಿಗೆ ಹೋಗಿ ಪುರಭವನದ ಜಗಲಿ ಮ್ಯಾಲೆ ಒಂದ ಮೂಲಿ ಕೇಳಿದ್ದೆ. ರೊಟ್ಟಿ ಮಾಡಿ ಮಾರತೇನಿ ಅಂತ. ಊರಿನ ಕಟ್ಟಡ ಊರಿನ ಕೆಲಸಕ್ಕ ಐತಿ, ರೊಟ್ಟಿ ಬಡಿಯಾಕ ಅಲ್ಲ ಅಂದ್ರು. ಅವತ್ತ ಆ ಮೂಲ್ಯಾಗ ನಾಯಿ ಮಲಗಿತ್ತಣ್ಣ. ನಾಯಿಗೆ ಜಾಗಾ ಇತ್ತು, ನನಗಿರಲಿಲ್ಲ. ನಮ್ಮಜ್ಜಂದು ಬಿರುದಿನ ಸಿಟ್ಟು, ನಂದು ಆ ಮೂಲಿ ಸಿಟ್ಟು. ಹೋಗ ಅಂದ್ರ ಹೋಗವಲ್ದು.”

ಹಳೆಯದನ್ನು ಮರೆಯಬೇಕವಾ, ಊರೆಂದರೆ ತಾಯಿ ಇದ್ದಂತೆ ಎಂದೇನೋ ಶುರು ಮಾಡಿದೆ. ಆಕೆ ತಲೆ ಎತ್ತಿದಳು.

“ಊರ ಮಾತ ಬ್ಯಾಡ. ನೀವೆಲ್ಲಾ ಕೊಟ್ಟಿದ್ರಲ್ಲ ಸಾಮಾನ, ಅದರಾಗ ಒಂದರ ಉಳದೈತೇನ ಅಲ್ಲೆ? ಇಡೀ ಊರಾಗ ಒಬ್ರಿಗೆ ಒಂದ ಚಮಚೆ ಮನಸಾರೆ ಕೊಡಾಕ ಆಗಿಲ್ಲ. ನನ್ನ ಕೈಲೆ ಮಾತ್ರ ಅರಮನಿಯಂಥಾ ಕಟ್ಟಡ ಬೇಕ ನಿಮಗ?”

ಹಾಗೆಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಅದರ ಮೇಲೆ ಬೆಣ್ಣೆ ಇಟ್ಟಳು. ಬೈಯುವಾಗಲೂ ಬಡಿಸುವುದನ್ನು ಬಿಡದ ಕೈ ಅದು. ಆಕೆ ಹೇಳಿದ್ದು ನಿಜವೇ ಆಗಿತ್ತು. ಅಧ್ಯಕ್ಷರು ಭಾಷಣ ಮಾಡಿ ಕೊಟ್ಟ ತುಕ್ಕು ಹಿಡಿದ ಕಂದೀಲು, ಗಾಣದವರು ಕೊಟ್ಟ ಎಣ್ಣೆ ಅಳೆಯುವ ಪಾವು, ದರ್ಜಿ ಗೋಪಾಳಪ್ಪ ಕೊಟ್ಟ ಮೊಂಡು ಕತ್ತರಿ, ನನ್ನ ಕ್ಯಾಮೆರಾ, ಎಲ್ಲವೂ ಒಂದೇ ರಾತ್ರಿಯಲ್ಲಿ ಮನೆಗೆ ಮರಳಿದ್ದವು. ಗಾಜಿನ ಕಪಾಟುಗಳು ಮಾತ್ರ ಹೋಗಿರಲಿಲ್ಲ, ಅವನ್ನು ಅಂಗಡಿಯಿಂದ ಕೊಂಡು ತಂದಿದ್ದೆವು. ಊಟ ಮುಗಿಸಿ ಹೊರಗೆ ಬಂದಾಗ ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಯಿಂದ ಕಟ್ಟಡ ನಿಲ್ಲುವುದಿಲ್ಲ.

ಮುಂದಿನ ಸಂತೆಯ ದಿನ ಅನಾಹುತವಾಯಿತು. ಪುರಭವನದ ಹಿಂದಿನ ಕೋಣೆಯಲ್ಲಿ ಒಂದು ಕಬ್ಬಿಣದ ತಿಜೋರಿ ಇತ್ತು. ಮುರಿಗೆಪ್ಪನವರ ಕಾಲದ್ದು, ಆನೆಯಂಥದ್ದು. ಅದು ನಿಂತಲ್ಲಿ ನೆಲ ಕುಸಿದಿದೆ, ಹೊಸ ಕಲ್ಲು ಹಾಸಬೇಕು ಎಂದು ಅಧ್ಯಕ್ಷರು ಅದನ್ನು ಹೊರಗೆ ತೆಗೆಸಿದರು. “ಬ್ಯಾಡ್ರಿ, ಇದೊಂದ ಐತಿ ಅಂತ ಅದು ಇಷ್ಟರ ಮೆತ್ತಗ ನಡದೈತಿ,” ಎಂದು ಮೇಸ್ತ್ರಿ ಹೇಳಿದರು. “ನೀವ್ ಬರೇ ಕೆಟ್ಟದ್ದ ಮಾತಾಡತೀರಿ,” ಎಂದು ಅಧ್ಯಕ್ಷರು ಬೈದರು. ಉರುಳುವ ಪೈಪುಗಳ ಮೇಲೆ ಅದನ್ನು ಇಟ್ಟು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆದರು. ತಿಜೋರಿ ಹಿಂಬಾಗಿಲ ಹೊಸ್ತಿಲು ದಾಟಿದ್ದೇ ತಡ, ಕಟ್ಟಡ ಒಮ್ಮೆ ನರಳಿತು. ಆಮೇಲೆ ಎಲ್ಲರ ಕಣ್ಣೆದುರಿಗೇ, ನೊಗ ಕಳಚಿದ ಎತ್ತು ಮನೆಯ ಕಡೆ ಹೊರಟ ಹಾಗೆ, ಹೊರಟಿತು.

ಮಟಮಟ ಮಧ್ಯಾಹ್ನ. ಖಾನಾವಳಿ ತುಂಬಿ ತುಳುಕುತ್ತಿತ್ತು. ಮುಂದಿನ ಚಪ್ಪರದ ಕಂಬ ಲಟಕ್ಕನೆ ಮುರಿದಾಗ ಜನ ಕೈಯಲ್ಲಿ ರೊಟ್ಟಿ ಹಿಡಿದೇ ಹೊರಗೆ ಓಡಿ ಬಂದರು. ತಿಜೋರಿಯನ್ನು ತಿರುಗಿ ಒಳಗೆ ತಳ್ಳಿರೆಂದು ಯಾರೋ ಕೂಗಿದರು, ಆದರೆ ಅದರ ಪೈಪುಗಳು ಹಿಂದಿನ ಚರಂಡಿಗೆ ಉರುಳಿ ಅದು ಅಲ್ಲೇ ಹೂತುಕೊಂಡಿತ್ತು. ದಾಕ್ಷಕ್ಕ ಮಾತ್ರ ಹೊರಗೆ ಬರಲಿಲ್ಲ. ಕಿಟಕಿಯಲ್ಲಿ ನಿಂತು ಕೈಯಲ್ಲಿದ್ದ ಸೌಟು ಬೀಸುತ್ತ ಕಟ್ಟಡವನ್ನೇ ಗದರುತ್ತಿದ್ದಳು. “ನಿಲ್ಲ! ನಿಲ್ಲ ಅಂದ್ರ ನಿಲ್ಲಬೇಕ! ಯಾರ್ ಕರದಾರ ನಿನ್ನ?” ಗದರುತ್ತಲೇ ಆಕೆಯ ದನಿ ಒಡೆಯಿತು. ಆ ದನಿ ಕೇಳಿ ನನ್ನ ಕಾಲುಗಳು ತಾವಾಗಿ ಓಡಿದವು.

ನನ್ನ ಸ್ಟುಡಿಯೋ ಅಲ್ಲೇ ಪಕ್ಕಕ್ಕೆ. ಒಳಗೆ ನುಗ್ಗಿ ಕಣ್ಣಿಗೆ ಬಿದ್ದ ಗಟ್ಟಿ ವಸ್ತುವನ್ನು ಎತ್ತಿಕೊಂಡು ಬಂದೆ. ನಮ್ಮಪ್ಪ ಮಾಡಿಸಿದ್ದ ಸಾಗುವಾನಿ ಕುರ್ಚಿ, ಕೈಗಳಿಗೆ ಸಿಂಹದ ಮುಖ ಕೆತ್ತಿದ್ದು. ಊರಿನ ಯಾರ ಮನೆಯ ಗೋಡೆ ನೋಡಿದರೂ ಯಾರಾದರೊಬ್ಬರು ಆ ಕುರ್ಚಿಯಲ್ಲಿ ಕೂತ ಫೋಟೋ ಇದೆ. ಅದನ್ನು ಪುರಭವನದ ಮೆಟ್ಟಿಲಿಗೂ ದಾಕ್ಷಕ್ಕನ ಗೋಡೆಗೂ ನಡುವೆ ಅಡ್ಡ ಸಿಕ್ಕಿಸಿದೆ. ನನ್ನ ಹಿಂದೆಯೇ ಗೋಪಾಳಪ್ಪ ಹೊಲಿಗೆ ಯಂತ್ರವನ್ನು ತಬ್ಬಿಕೊಂಡು ಬಂದ. ಗಾಣದವರು ಗಾಣದ ಒನಕೆ ಹೊತ್ತು ತಂದರು. ಕಸ್ತೂರಿ ಇನ್ನೊಬ್ಬ ಹೆಂಗಸಿನ ಜೊತೆ ನಮ್ಮ ಬೀಸುವ ಕಲ್ಲನ್ನು ಉರುಳಿಸಿಕೊಂಡು ಬಂದಳು. ಅದು ಅವಳ ಅವ್ವ ಕೊಟ್ಟದ್ದು, ನನಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಮಂಚ ಬಂತು, ಕಮ್ಮಾರನ ಅಡಿಗಲ್ಲು ಬಂತು, ಯಾರದೋ ಮನೆಯ ಬಾಗಿಲೇ ಬಂತು. ಕಡೆಗೆ ಅಧ್ಯಕ್ಷ ಬೂದಿಹಾಳರು ತಮ್ಮ ಹೊಸ ಮೋಟರ್ ಸೈಕಲ್ಲನ್ನು ದಬ್ಬಿಕೊಂಡು ಓಡಿ ಬಂದರು. ಅದರ ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಕಣ್ಣು ಮುಚ್ಚಿಕೊಂಡು ಸಂದಿಗೆ ತುರುಕಿದರು.

ಮಂಚ ಹಪ್ಪಳದ ಹಾಗೆ ಮುರಿಯಿತು. ಮೋಟರ್ ಸೈಕಲ್ಲಿನ ದೀಪ ಒಡೆಯಿತು. ನನ್ನ ಕುರ್ಚಿ ಕಿರುಗುಟ್ಟಿತು. ಆಗ ದಾಕ್ಷಕ್ಕ ಹೊರಗೆ ಓಡಿ ಬಂದಳು. “ಏ, ಬಿಡ್ರೋ! ಮನಿ ಹೋದ್ರ ಹೋಗ್ಲಿ! ನಿಮ್ಮ ಹೊಟ್ಟಿ ಮ್ಯಾಲೆ ಯಾಕ ಹೊಡಕೋತೀರಿ? ಗೋಪಾಳಣ್ಣ, ಮಿಶಿನ್ ತಗೊ! ಹಬ್ಬ ಬಂದೈತಿ, ಏನರೆ ಹೊಲಿಬೇಕ ನೀ!” ಯಾರೂ ತೆಗೆಯಲಿಲ್ಲ. ಎಲ್ಲರೂ ರಾಶಿಗೆ ಭುಜ ಕೊಟ್ಟು ನಿಂತಿದ್ದೆವು. ಸ್ವಲ್ಪ ಹೊತ್ತಾದ ಮೇಲೆ ಎದುರಿನಿಂದ ನಮ್ಮನ್ನು ಏನೂ ತಳ್ಳುತ್ತಿಲ್ಲವೆಂದು ಗೊತ್ತಾಯಿತು. ಕಟ್ಟಡ ನಿಂತಿತ್ತು. ಯಾವುದರಿಂದ ನಿಂತಿತೆಂದು ಇವತ್ತಿಗೂ ಜಗಳವಿದೆ. ಬೀಸುವ ಕಲ್ಲಿನಿಂದ ಎಂದು ಮೇಸ್ತ್ರಿ, ಮೋಟರ್ ಸೈಕಲ್ಲಿನಿಂದ ಎಂದು ಅಧ್ಯಕ್ಷರು.

ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದಾಗ ಕಸ್ತೂರಿ ಕೇಳಿದಳು. “ಅಲ್ಲರೀ, ಇವೆಲ್ಲಾ ನಾಳೆ ಮುಂಜಾನಿ ನಮ್ಮ ನಮ್ಮ ಮನಿಗೆ ಬಂದಬಿಟ್ರ?”

ಆ ರಾಶಿ ನಿಂತರೆ ದಾಕ್ಷಕ್ಕನ ಗೋಡೆ ನಿಂತೀತು. ಅರೆಮನಸ್ಸಿನ ನಾಲ್ಕು ಸಾಮಾನು ಅದರಿಂದ ಎದ್ದು ಹೋದರೂ ಮುಗಿಯಿತು. ಒಬ್ಬರ ಮುಖ ಒಬ್ಬರು ನೋಡಿದೆವು. ಒಂದು ಚಮಚೆ ಕೊಡಲಾಗದ ಮಂದಿ! “ನಂದು ಪೂರ್ತಿ ಮನಸ್ಸಿತ್ತು,” ಎಂದರು ಅಧ್ಯಕ್ಷರು, ಒಂದು ಕ್ಷಣ ಬಿಟ್ಟು, “ಆದ್ರ ನಿನ್ನೇನ ಪೆಟ್ರೋಲ್ ಟಾಕಿ ತುಂಬಿಸಿದ್ದೆ,” ಎಂದರು. ಕೊಡುವಾಗ ಏನೆಂದುಕೊಂಡೆ ಎಂದು ನೆನಪಿಸಿಕೊಳ್ಳಲು ಎಷ್ಟು ಯತ್ನಿಸಿದರೂ ನನಗೆ ನೆನಪಾಗಲಿಲ್ಲ. ಕೊಟ್ಟೆ ಎಂದುಕೊಂಡೇ ಇರಲಿಲ್ಲ. ದಾಕ್ಷಕ್ಕ ಕಣ್ಣೊರೆಸಿಕೊಂಡು ಒಳಗೆ ಹೋಗಿ, ಒಲೆಗೆ ಮತ್ತೆ ಕಟ್ಟಿಗೆ ಒಡ್ಡಿ, ಅರ್ಧಕ್ಕೆ ಎದ್ದವರನ್ನೆಲ್ಲ ಕರೆದು ಬಡಿಸಿದಳು. ಆ ಒಲೆಯ ಕಡೆಯ ಊಟವಿರಬಹುದೆಂದು ಎಲ್ಲರಿಗೂ ಅನ್ನಿಸಿತ್ತು.

ಬೆಳಿಗ್ಗೆ ಎದ್ದವನೇ ಸ್ಟುಡಿಯೋದ ಬಾಗಿಲು ತೆರೆಯಲು ಹೋದೆ. ಕೀಲಿ ತಿರುಗಿಸಲು ಕೈ ಬರಲಿಲ್ಲ. ಕುರ್ಚಿ ಎಲ್ಲಿ ಇಲ್ಲವೋ ಎಂಬ ಭಯವಲ್ಲ ಅದು, ಎಲ್ಲಿ ಬಂದು ಕೂತಿದೆಯೋ ಎಂಬ ಭಯ. ಕೊನೆಗೆ ಬಾಗಿಲು ತೆರೆದು ಒಳಗೆ ಇಣುಕಿದೆ. ಬಣ್ಣದ ಪರದೆಯ ಮುಂದೆ ನೆಲದ ಮೇಲೆ ನಾಲ್ಕು ಕಾಲುಗಳ ಗುರುತು ಮಾತ್ರ ಇತ್ತು. ನನ್ನ ಜನ್ಮದಲ್ಲಿ ಖಾಲಿ ಜಾಗ ನೋಡಿ ಅಷ್ಟು ಸಂತೋಷಪಟ್ಟವನಲ್ಲ. ಬೀದಿಗೆ ಬಂದರೆ ಗೋಪಾಳಪ್ಪ ಎದುರಿಗೆ ಬರುತ್ತಿದ್ದ, ಬರಿಗೈ ತೋರಿಸಿ ಹುಚ್ಚನ ಹಾಗೆ ನಗುತ್ತಿದ್ದ. ಗಾಣದವರು ನಗುತ್ತಿದ್ದರು. ಕಸ್ತೂರಿ ಅಡುಗೆಮನೆಯ ಮೂಲೆಯನ್ನು ಮೂರು ಸಲ ನೋಡಿ ಬಂದು ನನ್ನ ಹಿಂದೆ ನಿಂತಳು. ಅಧ್ಯಕ್ಷರ ಮನೆಗೆ ಮೋಟರ್ ಸೈಕಲ್ಲಿನ ಒಂದು ಕನ್ನಡಿ ಮಾತ್ರ ವಾಪಸು ಬಂದಿತ್ತಂತೆ. ಅಷ್ಟರ ಮಟ್ಟಿಗೆ ಅವರು ಅಧ್ಯಕ್ಷರೇ.

ರಾಶಿ ಇದ್ದ ಹಾಗೇ ಇತ್ತು. ದಾಕ್ಷಕ್ಕ ಅದರ ಮುಂದೆ ನಿಂತು ಒಂದೊಂದೇ ವಸ್ತುವನ್ನು ಮುಟ್ಟಿ ನೋಡುತ್ತಿದ್ದಳು. ಹೊಲಿಗೆ ಯಂತ್ರ, ಅಡಿಗಲ್ಲು, ಬಾಗಿಲು. ಅಧ್ಯಕ್ಷರು ಶಾಲು ತರಿಸಲೇ ಎಂದು ಕೇಳಿದರು. ಯಾರೋ ಅವರ ಬಾಯಿ ಮುಚ್ಚಿಸಿದರು. ದಾಕ್ಷಕ್ಕ ತಿರುಗಿ ನೋಡಿದಳು. ಮೂಗು ಒರೆಸಿಕೊಂಡಳು. “ತಗೋರಿ,” ಎಂದಳು ಪುರಭವನದ ಕಡೆ ಕೈ ತೋರಿಸಿ, ಉಪ್ಪು ಕೇಳಿದ ನೆರೆಯವರಿಗೆ ಕೊಡುವಷ್ಟೇ ಸಲೀಸಾಗಿ. “ನಿಮ್ಮದ ಐತಿ. ಇಟಕೋರಿ.”

ಕಟ್ಟಡದೊಳಗೆ ಎಲ್ಲೋ ಒಂದು ಕಲ್ಲು ಕೂತ ಸದ್ದಾಯಿತು. ಪುರಭವನ ಒಮ್ಮೆ 'ಉಸ್' ಎಂದು ಹಿಂದಕ್ಕೆ ಸರಿಯಿತು. ಹೆಚ್ಚಿಲ್ಲ, ಎರಡು ಬೆರಳಿನಷ್ಟು. ಬಿಗಿದುಕೊಂಡಿದ್ದ ರಾಶಿ ಸಡಿಲವಾಗಿ ನನ್ನ ಕುರ್ಚಿ ತಾನಾಗಿ ಕೆಳಗೆ ಜಾರಿತು. ಎತ್ತಿ ನೋಡಿದೆ. ಒಂದು ಸಿಂಹದ ಮೂಗು ಮುರಿದಿತ್ತು, ಉಳಿದಂತೆ ಗಟ್ಟಿಯಾಗಿತ್ತು, ಇನ್ನೂ ಒಂದು ತಲೆಮಾರು ಜನ ಕೂತು ಫೋಟೋ ತೆಗೆಸಿಕೊಳ್ಳಬಹುದಿತ್ತು. ಬಲಕ್ಕೆ ನನ್ನ ಸ್ಟುಡಿಯೋ. ಎಡಕ್ಕೆ ಪುರಭವನದ ತೆರೆದ ಬಾಗಿಲು, ಒಳಗೆ ಖಾಲಿ ಕಪಾಟುಗಳು. ಈಗ ತೆಗೆದುಕೊಂಡು ಹೋದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ನಾನು ಕುರ್ಚಿ ಹೊತ್ತುಕೊಂಡು ಎಡಕ್ಕೆ ತಿರುಗಿದೆ.

“ಇಟ್ಟು ಲಗೂನ ಬರ್ರಿ ಶಿವಪುತ್ರಣ್ಣ,” ದಾಕ್ಷಕ್ಕ ಹಿಂದಿನಿಂದ ಕೂಗಿದಳು, “ರೊಟ್ಟಿ ಆರತಾವ.”